ಅರ್ಧಕ್ಕೆ ನಿಂತ ವಿಡಿಯೋ

ಗುಬ್ಬಿಯ ನಮ್ಮ ಅಂಗನವಾಡಿ ಟೀಚರಮ್ಮ ಆನ್‌ಲೈನ್ ಪಾಠ ತಲೆಗೆ ಹತ್ತದೆ ಕೆಲಸ ಬಿಟ್ಟರಂತೆ. ಊರವರ ಮಾತದು; ನಡೆದದ್ದನ್ನು ಕಂಡವರು ಯಾರು? ತಾಯಂದಿರಿಗೆ ತೋರಿಸಲು ಕೊಟ್ಟ ವಿಡಿಯೋವನ್ನು ಆಕೆ ಮಾತುಮಾತಿಗೂ ಹೆಬ್ಬೆರಳಿನಿಂದ ನಿಲ್ಲಿಸಿ, "ನಿಮ್ಮನೇಲಿ ಹೆಂಗವ್ವ?" ಎಂದು ಕೇಳುತ್ತಿದ್ದರು. ಹಾಗಾಗಿ ಯಾವುದೂ ಮುಗಿಯುತ್ತಿರಲಿಲ್ಲ. ಇಲಾಖೆಯ ಪೋರ್ಟಲ್‌ನಲ್ಲಿ ಎಲ್ಲವೂ ಅಪೂರ್ಣ ಎಂದೇ ತೋರುತ್ತಿತ್ತು.

ಆಕೆ ಕೆಲಸ ಬಿಟ್ಟ ದಿನ ನಾನು ಅಕ್ಕನ ಮಗುವನ್ನು ಕರೆತರಲು ಹೋಗಿದ್ದೆ. "ಮಕ್ಕಳನ್ನು ನಾಲ್ಕು ಜನರೆದುರು ಹೀಯಾಳಿಸಬೇಡಿ" ಎಂಬಲ್ಲಿ ವಿಡಿಯೋ ನಿಂತಿತ್ತು.

"ನಮ್ಮನೆಯವ್ರಿಗೂ ತೋರ್ಸಿ ಟೀಚರ್!" ಎಂದಳೊಬ್ಬ ತಾಯಿ. ಎಲ್ಲರೂ ನಕ್ಕರು.

ಆಗಲೇ ತುಮಕೂರಿನಿಂದ ತಪಾಸಣೆಗೆ ಬಂದ ಮೇಡಂ ತಾಯಂದಿರೆಲ್ಲರ ಎದುರೇ ಟೀಚರಮ್ಮನಿಗೆ, "ಏನಮ್ಮ, ಒಂದು ವಿಡಿಯೋ ಮುಗ್ಸೋಕೂ ಬರಲ್ವಾ? ಕೆಲಸ ಬಿಟ್ಟು ಮನೇಲಿರು" ಎಂದರು.

ಟೀಚರಮ್ಮ ಹೆಬ್ಬೆರಳನ್ನು ಪರದೆಯಿಂದ ತೆಗೆದರು. ನಾನು ದಂಗಾದೆ. ಪರದೆಯಲ್ಲಿ ನಿಂತಿದ್ದ ಮುಖವೂ ಅದೇ ಮೇಡಂದು.

"ಮೇಡಂ, ಇದನ್ನ ಹೇಳಿರೋದು ನೀವೇ ಅಲ್ವಾ?" ಎಂದು ಕೇಳಿಯೇಬಿಟ್ಟೆ.