ಪರದೆಯ ಮೂಲೆಯ ಕಪ್ಪು ಬೊಟ್ಟು

ಅನುಮಾನ ನನ್ನ ಹುಟ್ಟುಗುಣ. ಬಸ್ಸಿನಲ್ಲಿ ಯಾರಾದರೂ ನನ್ನ ಮುಖ ನೋಡಿ ನಕ್ಕರೆ ಅಂಗಿ ತಿರುಗಾಮುರುಗಾ ಹಾಕಿಕೊಂಡಿದ್ದೇನೋ ಎಂದು ಮುಟ್ಟಿ ನೋಡಿಕೊಳ್ಳುವ ಪೈಕಿ ನಾನು. ಕಾರಣವಿಲ್ಲದೆ ಯಾರಾದರೂ ಕಾಫಿ ಕುಡಿಸಿದರೆ ಆ ಕಾಫಿ ನನಗೆ ಅರಗುತ್ತಿರಲಿಲ್ಲ. ಇಂಥವನನ್ನು ಹಿಡಿದು ನಾಲ್ಕು ಜನರ ಮುಂದೆ ಹೊಗಳಿದರೆ ಏನಾಗಬೇಡ?

ಹೊಗಳಿದವರು ರೈಟರು. ನಮ್ಮ ಬಣಕಲ್ ಪಕ್ಕದ ಒಂದು ಎಸ್ಟೇಟಿನಲ್ಲಿ ಮೂವತ್ತು ವರ್ಷ ಆಳುಗಳ ಹಾಜರಿ ಬರೆದು ನಿವೃತ್ತರಾದವರು. ಅವರು ಕೆಲಸ ಬಿಟ್ಟರೂ ರೈಟರ್ ಎಂಬ ಹೆಸರು ಅವರನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಕೊಡೆ ಊರಿಕೊಂಡು ಬಂದು ದರ್ಜಿಯ ಅಂಗಡಿಯ ಬೆಂಚಿನ ಮೇಲೆ ಕೂತರೆಂದರೆ ರಸ್ತೆಯಲ್ಲಿ ಹೋಗಿಬರುವ ಎಲ್ಲದಕ್ಕೂ ಅವರದ್ದೊಂದು ಮೆಚ್ಚುಗೆ ಇರುತ್ತಿತ್ತು. ಎತ್ತು ಬಂದರೆ ಎತ್ತಿನ ಕೊಂಬು, ಜೀಪು ಬಂದರೆ ಜೀಪಿನ ಸದ್ದು, ಮಳೆ ಬಂದರೆ ಮಳೆ.

ನಾನು ಆಗ ಬೋರ್ಡು ಬರೆಯುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು, ನನಗೆ ಇಪ್ಪತ್ತಾರು. ‘ಊಟ ತಯಾರಿದೆ’, ‘ಇಲ್ಲಿ ಪಂಕ್ಚರ್ ಹಾಕಲಾಗುವುದು’, ಲಾರಿಗಳ ಹಿಂದೆ ‘ಹಾರನ್ ಮಾಡಿ’, ಚುನಾವಣೆ ಬಂದರೆ ಊರಿನ ಗೋಡೆಗಳು. ಅಕ್ಷರ ಬಿಟ್ಟು ಬೇರೇನೂ ಬರೆದವನಲ್ಲ. ಆ ವರ್ಷ ಕಾಫಿಪುಡಿ ಅಂಗಡಿಯ ಬೋರ್ಡಿನಲ್ಲಿ ಒಂದು ಮೂಲೆ ಖಾಲಿ ಉಳಿಯಿತು. ಯಾರೂ ಹೇಳದಿದ್ದರೂ ಅಲ್ಲೊಬ್ಬ ಹಣ್ಣು ಕುಯ್ಯುವ ಹೆಂಗಸನ್ನು ಬರೆದೆ. ಸೊಂಟಕ್ಕೆ ಬುಟ್ಟಿ, ತಲೆಗೆ ಬಿಗಿದ ವಸ್ತ್ರ. ಬೋರ್ಡು ಏರಿಸಿದ ದಿನ ರೈಟರು ರಸ್ತೆ ದಾಟಿ ಬಂದು ಕೊಡೆ ಮಡಚಿ ಬಹಳ ಹೊತ್ತು ನೋಡಿದರು.

“ಏನ್ ಕೈ ಮಾರಾಯ ನಿಂದು! ಈಗ ಇವ್ಳು ಬೋರ್ಡಿಂದ ಇಳ್ದು ಬಂದು ಬುಟ್ಟಿ ಕೆಳಗಿಡ್ತಾಳೆ ನೋಡು.”

ಆ ಸಂಜೆ ನಾನು ನೆಲದ ಮೇಲೆ ನಡೆಯಲಿಲ್ಲ. ಮಾರನೆಯ ದಿನವೇ ಅನುಮಾನ ಶುರುವಾಯಿತು.

ಅದೇ ವಾರ ಊರಿನ ಯುವಕ ಸಂಘದವರು ಬಂದರು. ದೀಪಾವಳಿ ಕಳೆದ ಮೇಲೆ ಶಾಲೆಯ ಬಯಲಿನಲ್ಲಿ ನಾಟಕ. ಪ್ರತಿ ವರ್ಷ ಚಿಕ್ಕಮಗಳೂರಿನಿಂದ ಬಾಡಿಗೆಗೆ ತರುತ್ತಿದ್ದ ಪರದೆಯಲ್ಲಿ ಅರಮನೆಯ ಕಂಬಗಳ ನಡುವೆ ಇಲಿ ಕಡಿದ ತೂತುಗಳಿದ್ದವು. ಈ ಸಲ ಸ್ವಂತ ಪರದೆ ಆಗಬೇಕು, ಒಂದು ಬೀದಿಯ ಸೀನು. “ರೈಟ್ರು ನಿಮ್ಮ ಹೆಸ್ರೇ ಹೇಳಿದ್ರು. ಬೇರೆಯವ್ರಿಗೆ ಕೊಟ್ರೆ ನಾಟಕಕ್ಕೇ ಬರಲ್ಲ ಅಂದ್ರು” ಎಂದರು. ಎಸ್ಟೇಟಿನ ಸಾಹುಕಾರರನ್ನು ಕೇಳಿ ಪರದೆ ಬರೆಯಲು ಅಲ್ಲಿನ ಗೋಡೌನು ಕೊಡಿಸಿದವರೂ ರೈಟರೇ. ಕುಯ್ಲು ಶುರುವಾಗುವವರೆಗೆ ಅದು ಹೇಗೂ ಖಾಲಿ. ಬೀಗದ ಕೈ ಒಂದು ನನ್ನ ಹತ್ತಿರ, ಇನ್ನೊಂದು ಅವರ ಹತ್ತಿರ. ನನಗಾಗಿ ಇಷ್ಟೆಲ್ಲ ಯಾಕೆ ಮಾಡುತ್ತಿದ್ದಾರೆ?

ಇಪ್ಪತ್ತಡಿ ಅಗಲದ ಬಟ್ಟೆ ಹೊಲಿಸಿ, ಗೋಡೌನಿನ ತೊಲೆಗೆ ಬಿಗಿದು, ಮರವಜ್ರದ ಅಂಟು ಕಾಯಿಸಿ ಸೀಮೆಸುಣ್ಣದ ಪುಡಿ ಕಲಸಿ ಎರಡು ಸಲ ಬಳಿದೆ. ಒಣಗಿ ಬೆಳ್ಳಗೆ ನಿಂತಿತು. ಅಲ್ಲಿಗೆ ನನ್ನ ಕೈಯೂ ನಿಂತಿತು.

ದಿನಾ ಹೋಗುತ್ತಿದ್ದೆ. ಇದ್ದಿಲು ಚೂಪು ಮಾಡುತ್ತಿದ್ದೆ. ತೊಳೆದ ಬ್ರಷ್ಷನ್ನೇ ಮತ್ತೆ ತೊಳೆಯುತ್ತಿದ್ದೆ. ಕಲಸಿಟ್ಟ ಬಣ್ಣದ ಮೇಲೆ ಕೆನೆ ಕಟ್ಟುತ್ತಿತ್ತು. ಬೋರ್ಡಾದರೆ ಬರೆಯಬೇಕಾದ್ದನ್ನು ಯಾರೋ ಚೀಟಿಯಲ್ಲಿ ಕೊಡುತ್ತಿದ್ದರು. ಇಲ್ಲಿ ಸಂಘದವರು ‘ನಿಮ್ಮಿಷ್ಟದ ಬೀದಿ ಬರೀರಿ’ ಎಂದು ಕೈತೊಳೆದುಕೊಂಡಿದ್ದರು. ನನ್ನಿಷ್ಟ ಏನೆಂದು ಅದುವರೆಗೆ ಯಾರೂ ಕೇಳಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಒಂದು ಗೆರೆ ಎಳೆಯಹೋದರೆ ಆ ಬುಟ್ಟಿಯ ಹೆಂಗಸು ಬೆನ್ನ ಹಿಂದೆ ನಿಂತು, ‘ನನ್ನನ್ನು ಬರೆದ ಕೈ ಇದೇನಾ?’ ಎಂದು ಕೇಳಿದಂತಾಗುತ್ತಿತ್ತು. ಒರೆಸಿಬಿಡುತ್ತಿದ್ದೆ. ಹದಿನೈದು ದಿನ ಹೀಗೇ ಹೋಯಿತು. ಒಂದು ಸಲ ಕಲಾವಿದ ಅನ್ನಿಸಿಕೊಂಡವನು ಪರದೆ ಬರೆಯಲಾಗದೆ ಮತ್ತೆ ಪಂಕ್ಚರ್ ಬೋರ್ಡಿಗೆ ಮರಳುವುದಿದೆಯಲ್ಲ, ಅದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ.

ಅಮ್ಮನಿಗೆ ಕಾರಣ ತಕ್ಷಣ ಹೊಳೆಯಿತು. “ರೈಟ್ರ ಕಣ್ಣು ಬಿದ್ದಿದೆ ಕಣೋ. ನರರ ಕಣ್ಣಿಗೆ ಮರವೂ ಸಿಡಿಯುತ್ತೆ ಅಂತಾರೆ. ನಿನ್ ಕೈ ಯಾವ ಲೆಕ್ಕ?” ಎಂದವಳೇ ನನ್ನನ್ನು ಮೂಡುಮುಖವಾಗಿ ಕೂರಿಸಿ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಚಟಪಟ ಸಿಡಿಯಿತೇ ಹೊರತು ಘಾಟು ಬರಲಿಲ್ಲ. “ನೋಡು, ಕೆಮ್ಮು ಬಂತಾ? ಬರ್ಲಿಲ್ಲ ತಾನೇ? ಅಷ್ಟು ದೃಷ್ಟಿ ಇದೆ” ಎಂದಳು. ನಾನು ನಕ್ಕೆ. ಆದರೆ ಕೆಮ್ಮು ಬರಲಿಲ್ಲವಲ್ಲ ಎಂಬುದು ತಲೆಯಲ್ಲಿ ಉಳಿಯಿತು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ರೈಟರು ಹೊಗಳಿದ್ದೆಲ್ಲ ಏನಾಯಿತು ಎಂದು ಹುಡುಕತೊಡಗಿದೆ. ಹೋಟೆಲಿನ ಹೊಸ ರೇಡಿಯೋವನ್ನು “ಎಂಥಾ ಸ್ವರ!” ಎಂದಿದ್ದರು, ತಿಂಗಳೊಳಗೆ ಅದು ಗೊರಗೊರ ಎನ್ನತೊಡಗಿತು. ಒಬ್ಬರ ಮೆಣಸಿನ ಬಳ್ಳಿಯನ್ನು ಮೆಚ್ಚಿದ್ದರು, ಬಳ್ಳಿಗೆ ಕೊಳೆರೋಗ ಬಂತು. ಪುರಾವೆ ಸಿಕ್ಕಿತೆಂದು ಹೋಟೆಲಿನಲ್ಲಿ ಕೂತು ಒಂದೊಂದಾಗಿ ಹೇಳಿದೆ. ಕೇಳುವವರಿಗೂ ಅವರವರದ್ದೊಂದು ನೆನಪಾಯಿತು. ಎದುರು ಗ್ಯಾರೇಜಿನ ಸಾಹೇಬರು ಮಾತ್ರ ಗ್ರೀಸು ಹತ್ತಿದ ಕೈ ಎತ್ತಿ ತೋರಿಸಿ ನಕ್ಕರು. “ರೈಟ್ರು ಈ ಕೈ ಹೊಗಳಿ ಇಪ್ಪತ್ತು ವರ್ಷ ಆಯ್ತು ಮಾರಾಯ. ಇವತ್ತೂ ಅದ್ರಲ್ಲೇ ನಟ್ಟು ತಿರುಗಿಸ್ತಿದ್ದೀನಿ. ಮಳೆಗಾಲದಲ್ಲಿ ಯಾವ ರೇಡಿಯೋ ನೆಟ್ಟಗಿರುತ್ತೆ ಹೇಳು.” ಇವರಿಗೂ ರೈಟರಿಗೂ ಏನೋ ಒಳಒಪ್ಪಂದ ಇರಬೇಕು ಎಂದುಕೊಂಡೆ.

ಮಾತು ಊರು ಸುತ್ತಿತು. ರೈಟರು ಬಂದು ಕೂತರೆ ದರ್ಜಿ ಹೊಲಿಯುತ್ತಿದ್ದ ಹೊಸ ಬಟ್ಟೆಯ ಮೇಲೆ ಹಳೇ ಟವೆಲು ಎಳೆದುಕೊಳ್ಳುತ್ತಿದ್ದ. ನನಗೆ ಒಳಗೊಳಗೇ ಸಮಾಧಾನವಾಯಿತು. ಪರದೆ ಯಾಕೆ ಶುರುವಾಗಿಲ್ಲ ಎಂದರೆ ಹೇಳಲು ಈಗ ಒಂದು ಕಾರಣ ಇತ್ತಲ್ಲ.

ಅಷ್ಟರಲ್ಲಿ ಪರದೆಯ ಮೇಲೆ ಕಲೆ ಕಾಣಿಸಿತು. ಕೆಳಗಿನ ಎಡಮೂಲೆಯಲ್ಲಿ ಹೆಬ್ಬೆಟ್ಟಿನಗಲ, ಕಡುಕಪ್ಪು. ಒರೆಸಿದರೆ ಹರಡಿತು. ಬಿಳಿ ಬಳಿದು ಮುಚ್ಚಿದೆ. ಎರಡು ದಿನ ಬಿಟ್ಟು ಅದೇ ಜಾಗದಲ್ಲಿ ಮತ್ತೆ. ಮತ್ತೆ ಮುಚ್ಚಿದೆ, ಮತ್ತೆ ಬಂತು. ಬೀಗ ಹಾಗೇ ಇತ್ತು, ಕಿಟಕಿಗೆ ಕಬ್ಬಿಣದ ಸರಳು. ಇನ್ನೊಂದು ಬೀಗದ ಕೈ ಯಾರ ಹತ್ತಿರ ಇದೆ ಎಂದು ಯೋಚಿಸಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಕಣ್ಣು ಹಾಕಿದ್ದು ಸಾಲದು ಅಂತ ಮಸಿಯನ್ನೂ ಬಳಿಯುತ್ತಿದ್ದಾರೆ! ಮಸಿ ಬಳಿಯುವಾಗಲೇ ಹಿಡಿದು, ನಾಲ್ಕು ಜನರ ಮುಂದೆ ಹೊಗಳಿದವರನ್ನು ನಾಲ್ಕು ಜನರ ಮುಂದೆಯೇ ನಿಲ್ಲಿಸಬೇಕು ಎಂದು ನಿರ್ಧರಿಸಿದೆ.

ಮಧ್ಯಾಹ್ನ ಊಟ ಮುಗಿಸಿ ಗೋಡೌನಿನ ಒಳಗೇ ಚೀಲಗಳ ರಾಶಿಯ ಹಿಂದೆ ಕೂತೆ. ಹೊರಗಿನಿಂದ ಬೀಗ ಹಾಕಿಸಿಕೊಳ್ಳಲು ಗ್ಯಾರೇಜಿನ ಸಾಹೇಬರನ್ನೇ ಕರೆತಂದಿದ್ದೆ. “ಹುಚ್ಚು ಹಿಡಿದಿದೆ ನಿಂಗೆ” ಎನ್ನುತ್ತಲೇ ಅವರು ಬೀಗ ಹಾಕಿ ಹೋದರು. ಎರಡನೇ ದಿನ ಮೂರು ಗಂಟೆಯ ಹೊತ್ತಿಗೆ ಬೀಗ ತೆರೆದ ಸದ್ದಾಯಿತು. ರೈಟರೇ. ಕೊಡೆಯನ್ನು ಬಾಗಿಲಿಗೆ ಆನಿಸಿಟ್ಟರು. ತಲೆ ಬಗ್ಗಿಸಿ, ನೆಲ ನೋಡಿಕೊಂಡೇ, ಗೋಡೆ ಸವರಿಕೊಂಡು ಪರದೆಯ ಮೂಲೆಗೆ ಬಂದರು. ಅಂಗಿಯ ಜೇಬಿನಿಂದ ಸಣ್ಣ ಡಬ್ಬಿ ತೆಗೆದು, ಹೆಬ್ಬೆರಳು ಅದ್ದಿ, ಬಟ್ಟೆಗೆ ಒತ್ತಿದರು. ಹಿಂದಕ್ಕೆ ನಾಲ್ಕು ಹೆಜ್ಜೆ ಬಂದರು. ಆಮೇಲೆ ತಲೆ ಎತ್ತಿದರು. ಖಾಲಿ ಬಟ್ಟೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, “ಇನ್ನೂ ಇಲ್ಲ” ಎಂದು ತಮಗೆ ತಾವೇ ಹೇಳಿಕೊಂಡರು.

ನಾನು ಎದ್ದು ನಿಂತೆ. “ಏನ್ ಮಾಡ್ತಿದ್ದೀರಿ ರೈಟ್ರೇ?”

ಅವರು ಬೆಚ್ಚಿಬಿದ್ದು ಹೆಬ್ಬೆರಳನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಟ್ಟುಕೊಂಡರು. ಎಪ್ಪತ್ತು ದಾಟಿದ ಮನುಷ್ಯ.

“ಸಿಟ್ಟಾಗ್ಬೇಡ ಮಾರಾಯ. ಕಾಡಿಗೆ ಅಷ್ಟೇ. ನನ್ ಕಣ್ಣು ಒಳ್ಳೇದಲ್ವಂತೆ, ಊರೇ ಹೇಳ್ತಿದೆ. ಮನೇಲಿ ಸೊಸೆ ಮಗೂನ ತೊಟ್ಲಿಗೆ ಸೀರೆ ಇಳಿಬಿಟ್ಟಿದ್ದಾಳೆ. ನಾನು ಆ ಕಡೆ ಹೋದ್ರೆ ಸೆರಗು ಎಳೆದು ಮುಚ್ತಾಳೆ. ಅವಳ ತಪ್ಪಲ್ಲ ಬಿಡು, ಹೆತ್ತವಳು. ಆದ್ರೆ ಈ ಕೆಲ್ಸ ನಿಂಗೆ ಕೊಡ್ಸಿದ್ದು ನಾನು. ಶುರುವಾಯ್ತಾ ಇಲ್ವಾ ಅಂತ ನೋಡ್ದೆ ಇರಕ್ಕೂ ಆಗಲ್ಲ. ಅದಕ್ಕೆ ಮೊದ್ಲು ಬೊಟ್ಟು ಇಟ್ಟು ಆಮೇಲೆ ತಲೆ ಎತ್ತೀನಿ.”

ಡಬ್ಬಿ ಮೊಮ್ಮಗಳದ್ದು. ಮನೆಯಲ್ಲಿ ಯಾರಿಗೂ ಕಾಣದಂತೆ ತಂದು ಯಾರಿಗೂ ಕಾಣದಂತೆ ಇಡುತ್ತಿದ್ದರಂತೆ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಆ ಮಾತು ಹುಟ್ಟಿದ್ದು ನನ್ನ ಬಾಯಲ್ಲಿ ಎಂದು ಹೇಳುವ ಧೈರ್ಯ ಮಾತ್ರ ಬರಲಿಲ್ಲ. “ಇಲ್ಲೇ ಕೂತ್ಕೊಳ್ಳಿ ರೈಟ್ರೇ, ನೀವಿದ್ರೆ ಬರೀತೀನಿ” ಎಂದೆ. ಅವರು ಒಪ್ಪಲಿಲ್ಲ. ಬಹಳ ಒತ್ತಾಯ ಮಾಡಿದ ಮೇಲೆ ಬಾಗಿಲಲ್ಲಿ ಮಣೆ ಹಾಕಿಸಿಕೊಂಡು, ಪರದೆಗೆ ಬೆನ್ನು ಹಾಕಿ, ಹೊರಗಿನ ಕಣದ ಕಡೆ ಮುಖ ಮಾಡಿ ಕೂತರು.

ಸ್ವಲ್ಪ ಹೊತ್ತಾದ ಮೇಲೆ ಆ ಬೆನ್ನು ಕೇಳಿತು, “ಏನ್ ಬರೀತಿದ್ದೀಯ?”

ಏನೂ ಬರೆಯುತ್ತಿರಲಿಲ್ಲ. ಆದರೆ ಹಾಗೆ ಹೇಳಲಾದೀತೇ? ಬೊಟ್ಟು ಕಣ್ಣೆದುರು ಇತ್ತು. “ದೀಪದ ಕಂಬ” ಎಂದುಬಿಟ್ಟೆ.

“ಎಲ್ಲಿ?”

“ಎಡಗಡೆ. ನೀವು ಬೊಟ್ಟು ಇಟ್ಟ ಜಾಗದಿಂದ ಮೇಲಕ್ಕೆ.”

“ಎಷ್ಟೆತ್ತರ?”

ಹೇಳಿದ ಮೇಲೆ ಎಳೆಯಲೇಬೇಕಾಯಿತು. ತೂಗುಗುಂಡಿನ ದಾರ ಇಳಿಬಿಟ್ಟು ಬೊಟ್ಟಿನಿಂದ ನೇರ ಮೇಲಕ್ಕೆ ಹತ್ತಡಿ ಕಂಬ ಎಳೆದೆ. ಯಾರೂ ನೋಡುತ್ತಿರಲಿಲ್ಲ. ಬುಟ್ಟಿಯ ಹೆಂಗಸೂ ಬರಲಿಲ್ಲ. ಮೂಲೆಯಲ್ಲಿ ಕಲೆಯಾದ ಬಟ್ಟೆ, ಇನ್ನು ಕೆಡುವುದೇನಿದೆ ಎನ್ನಿಸಿ ಕೈ ಹಗುರಾಯಿತು. ಕಂಬಕ್ಕೆ ಒರಗಿಸಿದ ಸೈಕಲ್ಲು ಎಂದೆ, ಸೈಕಲ್ಲು ಬಂತು. ಅದರಾಚೆ ದರ್ಜಿ ಅಂಗಡಿ ಎಂದೆ. “ಬೆಂಚು ಇದ್ಯಾ?” ಎಂದು ಕೇಳಿದರು. ಬೆಂಚು ಬರೆದೆ. ದಿನಾ ಮಧ್ಯಾಹ್ನ ಅವರು ಬಂದು ಬೆನ್ನು ಹಾಕಿ ಕೂರುವುದು, ನಾನು ಹೇಳುವುದು, ಹೇಳಿದ್ದನ್ನು ಬರೆಯುವುದು. ನನ್ನಿಷ್ಟದ ಬೀದಿ ಯಾವುದೆಂದು ನನಗೆ ತಿಳಿದದ್ದು ಹಾಗೆ. ಅದು ನಾನು ಹುಟ್ಟಿದಂದಿನಿಂದ ನೋಡಿದ ಬಣಕಲ್ಲಿನ ರಸ್ತೆಯೇ. ತಾನು ಎರಡನೇ ಸಲ ನಿವಾಳಿಸಿದ್ದರಿಂದ ಕೆಲಸ ಶುರುವಾಯಿತೆಂದು ಅಮ್ಮ ಊರಿಗೆಲ್ಲ ಹೇಳಿದಳು.

ಐದನೆಯ ದಿನ, ಅವರ ಮುಖ ಕಾಣದ ಧೈರ್ಯದಲ್ಲಿ, ಹೇಳಿದೆ. “ನಿಮ್ ಕಣ್ಣಿನ ಮಾತು ಹಬ್ಬಿಸಿದ್ದು ನಾನು ರೈಟ್ರೇ. ಹೋಟ್ಲಲ್ಲಿ ಕೂತು ನಾನೇ ಹೇಳಿದ್ದು.”

ಬೆನ್ನು ಅಲುಗಾಡಲಿಲ್ಲ. ಕಣದಲ್ಲಿ ಕೋಳಿಯೊಂದು ಕೆದಕುತ್ತಿತ್ತು.

“ನೀನಲ್ಲ ಬಿಡು. ಆ ಮಾತು ಮೊದ್ಲಿಂದ್ಲೂ ಇತ್ತು” ಎಂದರು. ಆಮೇಲೆ, “ಸೈಕಲ್ಲಿಗೆ ಬೆಲ್ಲು ಹಾಕಿದ್ಯಾ?” ಎಂದು ಕೇಳಿದರು. ಮಾತು ಮೊದಲಿನಿಂದಲೂ ಇತ್ತು ಎಂದದ್ದು ನಿಜವೋ, ನನ್ನ ಮನಸ್ಸಿಗೆ ನೋವಾಗದಿರಲಿ ಎಂದು ಹೇಳಿದ ಸುಳ್ಳೋ ಎಂದು ನಾನು ಇವತ್ತಿಗೂ ಅನುಮಾನಿಸುತ್ತೇನೆ.

ಮಾರನೆಯ ದಿನ ಬೆಳಿಗ್ಗೆ ಅವರ ಮನೆಗೆ ಹೋಗಿ ಸೊಸೆಗೂ ಹೇಳಿದೆ. ನನ್ನ ಕೈ ಓಡದ್ದಕ್ಕೆ ಅವರ ಮೇಲೆ ಗೂಬೆ ಕೂರಿಸಿದೆ, ಅವರ ಕಣ್ಣಲ್ಲಿ ಏನೂ ಇಲ್ಲ ಎಂದೆ. ಆಕೆ ಕಾಫಿ ತಂದಿಟ್ಟು, ಪೂರ್ತಿ ಕೇಳಿಸಿಕೊಂಡು, “ಮಾವನವ್ರು ಹೇಳಿ ಕಳ್ಸಿದ್ರಾ?” ಎಂದಳು. ನನ್ನ ಅನುಮಾನದ ಕಾಯಿಲೆ ಆ ಮನೆಯ ಒಳಗೂ ಹೊಕ್ಕಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಗಾದೆ ಬರೆದಿದ್ದೆ, ಅದರ ಅರ್ಥ ಆಕೆಯ ಎದುರು ಆಯಿತು. ತೊಟ್ಟಿಲಿನ ಸೀರೆ ಇಳಿಬಿಟ್ಟೇ ಇತ್ತು.

ಪರದೆ ಮುಗಿದ ದಿನ ರೈಟರನ್ನು ಒಳಗೆ ಕರೆದೆ. “ಈಗಲಾದ್ರೂ ತಿರುಗಿ ನೋಡಿ.”

“ಬೊಟ್ಟು ಇದ್ಯಾ?”

“ಇದೆ. ಕಂಬದ ಬುಡದಲ್ಲಿ ಹಾಗೇ ಬಿಟ್ಟಿದ್ದೀನಿ.”

ಅವರು ಎದ್ದು, ಪಂಚೆ ಸರಿಮಾಡಿಕೊಂಡು, ತಿರುಗಿದರು. ಕಂಬ, ಸೈಕಲ್ಲು, ಗ್ಯಾರೇಜು, ಹೋಟೆಲು, ಬೆಂಚು. ಬೆಂಚಿನ ಮೇಲೆ ಒಂದು ಮಡಚಿದ ಕೊಡೆ. ಅದನ್ನು ನಾನು ಅವರಿಗೆ ಹೇಳದೆ ಬರೆದಿದ್ದೆ. ಅಲ್ಲಿ ಅವರ ಕಣ್ಣು ನಿಂತಿತು. ಬಾಯಿ ತೆರೆಯಿತು. ಇನ್ನೇನು ‘ಏನ್ ಕೈ ಮಾರಾಯ’ ಎನ್ನುತ್ತಾರೆ ಎಂದು ಅವರ ತುಟಿಯನ್ನೇ ನೋಡುತ್ತ ನಿಂತೆ. ಜೀವನದಲ್ಲಿ ಅಷ್ಟು ಆಸೆಯಿಂದ ನಾನು ಯಾವ ಮಾತಿಗೂ ಕಾದದ್ದಿಲ್ಲ. ಅವರು ಬಾಯಿ ಮುಚ್ಚಿಕೊಂಡರು. ಮತ್ತೆ ಪರದೆಯನ್ನು ಆ ತುದಿಯಿಂದ ಈ ತುದಿಗೆ ಏನೋ ಕುಂದು ಹುಡುಕುವವರಂತೆ ನೋಡಿದರು.

“ಆ ಕಂಬ ಸ್ವಲ್ಪ ವಾಲಿದೆ ಮಾರಾಯ” ಎಂದು ಹೇಳಿ, ಕೊಡೆ ತೆಗೆದುಕೊಂಡು, ಹಿಂದೆ ನೋಡದೆ ಹೋದರು.

ನನಗೆ ಅಳು ಬರುವಷ್ಟು ಬೇಜಾರಾಯಿತು. ಆಮೇಲೆ ಅನುಮಾನವೂ ಬಂತು. ಮೂಲೆಯಲ್ಲಿದ್ದ ತೂಗುಗುಂಡನ್ನು ತಂದು, ಏಣಿ ಹತ್ತಿ, ಕಂಬದ ತುದಿಯಿಂದ ದಾರ ಇಳಿಬಿಟ್ಟೆ. ಗುಂಡು ಎರಡು ಸಲ ತೂಗಾಡಿ ನಿಂತಿತು, ಸರಿಯಾಗಿ ಬೊಟ್ಟಿನ ಮೇಲೆ. ಕಂಬ ಒಂದು ಕೂದಲೆಳೆಯಷ್ಟೂ ವಾಲಿರಲಿಲ್ಲ.