ಕಂಕುಳಿಗೆ ಹಳೇ ಬಟ್ಟೆ

ಧೈರ್ಯದ ಮಾತು ಬಂದ ಕೂಡಲೇ ನಮ್ಮ ಬೋಧಕರು ಬೈಬಲಿನ ಸಿಂಹದ ಗವಿಗೆ ಓಡುತ್ತಾರೆ. ಅಲ್ಲಿಂದ ಹೊರಟರೆ ದೈತ್ಯನ ಹಣೆಗೆ ಬಡಿದ ಕಲ್ಲಿನ ಹತ್ತಿರ ನಿಲ್ಲುತ್ತಾರೆ. ಆಸ್ಪತ್ರೆಯ ಬಟ್ಟೆ ಕೋಣೆಯ ಅಕ್ಕನಿಗೆ ಇದು ಹಿಡಿಸುತ್ತಿರಲಿಲ್ಲ. ನಮ್ಮ ಪ್ರಾರ್ಥನಾ ಕೂಟದಲ್ಲಿ ಉಪದೇಶಿಯವರು ಮೂರನೇ ವಾರವೂ ಸಿಂಹಗಳನ್ನೇ ಕರೆತಂದಾಗ ಆಕೆ ಕೂತಲ್ಲಿಂದಲೇ ಬಾಯಿ ಹಾಕಿದಳು.

"ಅಯ್ಯನೋರೇ, ಸಿಂಹದ ಗವಿ ನಮ್ಮಲ್ಲಿ ಯಾರಿಗೆ ಸಿಗುತ್ತೆ ಹೇಳಿ? ಹರಕು ಬಟ್ಟೆ ಆದ್ರೆ ಎಲ್ಲರ ಮನೇಲೂ ಇದೆ. ಆ ಎಬೆದ್ಮೆಲೆಕನ ವಿಷಯ ಒಂದಿನ ಹೇಳಿ, ಕೇಳೋಣ."

ಉಪದೇಶಿಯವರು ಪುಟ ತಿರುವಿದರು, ಮತ್ತೆ ತಿರುವಿದರು. ಸಿಗಲಿಲ್ಲ. ಮುಂದಿನ ವಾರ ನೋಡೋಣ ಎಂದರು.

ಗೊತ್ತಿಲ್ಲದವರಿಗಾಗಿ ಆ ಕಥೆಯನ್ನು ಇಲ್ಲಿ ಹೇಳಿಬಿಡುತ್ತೇನೆ. ಯೆರೆಮೀಯನೆಂಬ ಪ್ರವಾದಿ, ಶತ್ರುಗಳು ಮುತ್ತಿಗೆ ಹಾಕಿದ್ದ ಪಟ್ಟಣದಲ್ಲಿ ಯಾರಿಗೂ ಬೇಡವಾದ ಸತ್ಯವನ್ನು ಹೇಳಿದ. ಅಧಿಕಾರಿಗಳು ಅವನನ್ನು ಹಗ್ಗ ಕಟ್ಟಿ ಆಳವಾದ ತೊಟ್ಟಿಯೊಂದಕ್ಕೆ ಇಳಿಬಿಟ್ಟರು. ಅದರಲ್ಲಿ ನೀರಿರಲಿಲ್ಲ, ಕೆಸರಿತ್ತು. ಅವನು ಅದರಲ್ಲಿ ಹೂತುಹೋದ. ಅರಸ ನನ್ನ ಕೈಯಲ್ಲಿ ಏನಿದೆ ಎಂದು ಸುಮ್ಮನಾದ. ಅರಮನೆಯ ಆಳೊಬ್ಬ, ದೂರದ ಕೂಷ್ ದೇಶದವನು, ಎಬೆದ್ಮೆಲೆಕ ಅವನ ಹೆಸರು, ಇದನ್ನು ಕೇಳಿದ. ಪಟ್ಟಣದ ಬಾಗಿಲಲ್ಲಿ ಎಲ್ಲರ ಎದುರಿಗೆ ಕುಳಿತಿದ್ದ ಅರಸನ ಮುಂದೆ ನಿಂತು, ಇವರು ಮಾಡಿದ್ದು ಕೆಟ್ಟ ಕೆಲಸ, ಆ ಮನುಷ್ಯ ಅಲ್ಲೇ ಸಾಯುತ್ತಾನೆ ಎಂದ. ಅರಸ ಜನರನ್ನು ಕೊಟ್ಟ. ಎಬೆದ್ಮೆಲೆಕ ನೆಟ್ಟಗೆ ತೊಟ್ಟಿಗೆ ಓಡಲಿಲ್ಲ. ಮೊದಲು ಉಗ್ರಾಣಕ್ಕೆ ಹೋಗಿ ಹರಕು ಬಟ್ಟೆಗಳನ್ನು ಹುಡುಕಿ ತಂದ. ಅವನ್ನು ಕೆಳಗೆ ಇಳಿಸಿ, ಕಂಕುಳಲ್ಲಿ ಇಟ್ಟುಕೊಂಡು ಅದರ ಮೇಲೆ ಹಗ್ಗ ಹಾಕಿಕೋ ಎಂದು ಕೂಗಿ, ಅವನನ್ನು ಮೇಲಕ್ಕೆ ಎಳೆಸಿದ.

ಅವನು ಆ ಅಧಿಕಾರಿಗಳಿಗೆ ಹೆದರುತ್ತಿದ್ದ ಎಂಬುದು ಕಥೆಯ ಮುಂದಿನ ಭಾಗದಲ್ಲಿ, ಬೇರೆ ಏನೋ ಹೇಳುವಾಗ ತಿಳಿದುಬರುತ್ತದೆ. ಬಟ್ಟೆ ಕೋಣೆಯ ಅಕ್ಕ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು.

ಆಕೆಯ ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿ, ಅಡುಗೆಮನೆಗೂ ಬಟ್ಟೆ ಒಗೆಯುವ ಯಂತ್ರಗಳಿಗೂ ನಡುವೆ ಇತ್ತು. ಮೂರು ಗೋಡೆಗೆ ಸೂರಿನವರೆಗೂ ಮರದ ಹಲಗೆಗಳು, ನಾಲ್ಕನೆಯದಕ್ಕೆ ಒಂದು ಕಿಟಕಿ, ಕಿಟಕಿಯ ಕೆಳಗೆ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ. ಮೂವತ್ತೊಂದು ವರ್ಷ ಆಕೆ ಅಲ್ಲಿ ಕೂತು ಬೆಡ್‌ಶೀಟು, ದಿಂಬಿನ ಚೀಲ, ರೋಗಿಗಳ ಅಂಗಿಗಳಿಗೆ ತೇಪೆ ಹಾಕಿದ್ದಾಳೆ. ಕೆಲಸಕ್ಕೆ ಸೇರುವ ಮೊದಲು ಆಕೆಯ ತಾಯಿ ಇದೇ ಆಸ್ಪತ್ರೆಯಲ್ಲಿ ಐದು ವಾರ ಅಂಗಾತ ಮಲಗಿದ್ದರು. ಅವರ ಬೆನ್ನಿನ ಕೆಳಗೆ ಬಂದಿದ್ದ ಬೆಡ್‌ಶೀಟಿನ ದಪ್ಪ ಹೊಲಿಗೆಯೊಂದು ಚರ್ಮವನ್ನು ಸೀಳಿ ಹುಣ್ಣು ಮಾಡಿತ್ತು. ಹೀಗಾಗಿ ಆಕೆಯ ಕೋಣೆಯಲ್ಲಿ ಒಂದೇ ಕಾನೂನು: ಹೊಲಿಗೆ ಬೆನ್ನಿಗೆ ಬರಕೂಡದು. ನಡುವೆ ಹರಿದ ಬೆಡ್‌ಶೀಟಿಗೆ ಆಕೆ ತೇಪೆ ಹಾಕುತ್ತಿರಲಿಲ್ಲ, ಅದನ್ನು ಪಕ್ಕಕ್ಕೆ ಇಡುತ್ತಿದ್ದಳು.

ಹಾಗೆ ಇಟ್ಟದ್ದನ್ನು ಎಸೆಯುವಂತಿರಲಿಲ್ಲ. ಮೂವರ ಸಮಿತಿ ಬಂದು, ಒಂದೊಂದನ್ನೂ ನೋಡಿ, ಇದು ಕೆಲಸಕ್ಕೆ ಬಾರದು ಎಂದು ಬರೆದುಕೊಟ್ಟರೆ ಮಾತ್ರ ಹೊರಹಾಕಬಹುದು. ಸಮಿತಿ ಆರು ವರ್ಷದಿಂದ ಬಂದಿರಲಿಲ್ಲ. ಹರಕು ಬಟ್ಟೆ ಕೋಣೆಯ ಮೂಲೆಯಲ್ಲಿ ಎದೆಯೆತ್ತರ ಬೆಳೆದಿತ್ತು.

ಆಡಳಿತಾಧಿಕಾರಿಗೆ ಆಕೆ ಇಟ್ಟ ಹೆಸರು 'ಇಸ್ತ್ರಿ'. ಸಂಜೆ ಐದಕ್ಕೂ ಅವನ ಅಂಗಿಯಲ್ಲಿ ಒಂದು ಸುಕ್ಕೂ ಇರುತ್ತಿರಲಿಲ್ಲ. ಒಮ್ಮೆ ಅವನು ಬಾಗಿಲಲ್ಲಿ ನಿಂತು ಮೂಗು ಮುರಿದ.

"ಏನಮ್ಮಾ ಇದು, ಗುಜರಿ ಅಂಗಡಿ ಇಟ್ಟಿದ್ದೀರಾ?"

"ಸಮಿತಿ ಬಂದು ಇವು ಸತ್ತಿವೆ ಅಂತ ಬರೆದುಕೊಡ್ಲಿ ಸಾರ್, ಈಗಿಂದೀಗ್ಲೇ ಸಾಗಿಸ್ತೀನಿ."

"ಸಮಿತಿ ಯಾವಾಗ ಬರುತ್ತೆ?"

"ನೀವು ಕರೆದಾಗ. ನನ್ನ ಕಾಗದ ಆರು ವರ್ಷದಿಂದ ನಿಮ್ಮ ಫೈಲುಗಳ ಕೆಳಗಿದೆ. ಇಷ್ಟೊತ್ತಿಗೆ ಚೆನ್ನಾಗಿ ಇಸ್ತ್ರಿ ಆಗಿರ್ಬೇಕು."

ಪಂಪಿನವನು ಬಾಗಿಲಾಚೆ ನಿಂತು ನಗು ತಡೆಯಲಾರದೆ ಕೆಮ್ಮಿದ. ಆಸ್ಪತ್ರೆಗೆ ನೀರು ಏರಿಸುವ ಕೆಲಸ ಅವನದು. ನಲವತ್ತರ ಆಸುಪಾಸಿನ ಆಸಾಮಿ, ದೇವರಲ್ಲಿ ನಂಬಿಕೆಯಿಲ್ಲ, ಅಕ್ಕನಲ್ಲಿ ಇತ್ತು. ಮಧ್ಯಾಹ್ನ ಅವಳ ಕೋಣೆಗೆ ಬಂದು ಬುತ್ತಿ ಬಿಚ್ಚುತ್ತಿದ್ದ. ಆಕೆ ಬೈಬಲ್ ಓದುತ್ತಿದ್ದರೆ, "ಪಂಪ್ ಕೆಟ್ಟಾಗ ಏನ್ಮಾಡ್ಬೇಕು ಅಂತ ಅದ್ರಲ್ಲಿ ಇದ್ಯಾ ಅಕ್ಕಾ?" ಎಂದು ಕೆಣಕುತ್ತಿದ್ದ.

ಆ ವರ್ಷ ಮಕ್ಕಳ ವಾರ್ಡಿನಲ್ಲಿ ವಾಂತಿಭೇದಿ ನಿಲ್ಲಲೇ ಇಲ್ಲ. ನೆಲದಡಿಯ ಕುಡಿಯುವ ನೀರಿನ ಸಂಪಿಗೆ ಪಕ್ಕದ ಶೌಚದ ಕೊಳವೆ ಸೋರುತ್ತಿದೆ ಎಂದು ಪಂಪಿನವನು ಎರಡು ಸಲ ಬರೆದುಕೊಟ್ಟ. ಉತ್ತರ ಬರಲಿಲ್ಲ. ಮೂರನೇ ಕಾಗದವನ್ನು ಊಟದ ಮನೆಯ ಸೂಚನಾಫಲಕಕ್ಕೆ ಅಂಟಿಸಿದ. ಇಸ್ತ್ರಿ ಅದನ್ನು ಕಿತ್ತು, ಅವನನ್ನು ಕರೆಸಿ, ಅಷ್ಟು ಕಾಳಜಿಯಿದ್ದರೆ ನೀನೇ ಇಳಿದು ತೊಳೆ ಎಂದ. ಗುರುವಾರ ಹತ್ತು ಗಂಟೆಗೆ ಸ್ವಚ್ಛ ಆಸ್ಪತ್ರೆಯ ಪ್ರಶಸ್ತಿಗಾಗಿ ಪರಿಶೀಲಕರು ಬರುವವರಿದ್ದರು. ಅದರೊಳಗೆ ಸಂಪು ಫಳಫಳ ಹೊಳೆಯಬೇಕಿತ್ತು.

ಗುರುವಾರ ಏಳಕ್ಕೆ ನೀರು ಖಾಲಿ ಮಾಡಿ ಪಂಪಿನವನನ್ನು ಒಂಟಿಯಾಗಿ ಇಳಿಸಿದರು. ಎಂಟಕ್ಕೆ ಕಬ್ಬಿಣದ ಏಣಿ ಮುರಿಯಿತು. ಕಾವಲುಗಾರ ಓಡಿಹೋಗಿ ಆಡಳಿತಾಧಿಕಾರಿಗೆ ಹೇಳಿದ. ಹಿತ್ತಲಲ್ಲಿ ಜನ ಸೇರಿಸಬೇಡಿ, ಬಂದವರು ಹೋದ ಮೇಲೆ ಎತ್ತಿಸೋಣ, ಎರಡು ಮೂರು ಗಂಟೆ ಕೆಸರಲ್ಲಿ ಕೂತರೆ ಯಾರೂ ಸಾಯಲ್ಲ ಎಂದು ಉತ್ತರ ಬಂತು. ಕಾವಲುಗಾರ ಬಾಯಿಬಿಡದೆ ಒಂದೂವರೆ ಗಂಟೆ ತಡೆದ. ಆಮೇಲೆ ತಡೆಯಲಾರದೆ ಬಟ್ಟೆ ಕೋಣೆಗೆ ಬಂದು ಹೇಳಿದ.

ಆಕೆ ಸಂಪಿನ ಬಾಯಿಗೆ ಬಗ್ಗಿದಳು. ಮುಚ್ಚಳವನ್ನು ಅರ್ಧ ಎಳೆದಿಟ್ಟಿದ್ದರು.

"ತಮ್ಮಾ! ಇದ್ದೀಯೇನೋ?"

"ಎಲ್ಲಿಗೆ ಹೋಗ್ಲಿ ಅಕ್ಕಾ. ಸೊಂಟದ ತನಕ ಹೂತಿದ್ದೀನಿ." ದನಿ ಕುಗ್ಗಿತ್ತು. "ಏಣಿ ಮುರೀತು, ಕಾಲೂ ಮುರಿದಿದೆ. ಈ ನಾತಕ್ಕೆ ತಲೆ ತಿರುಗ್ತಿದೆ. ನಿಮ್ಮ ದೇವರಿಗೆ ಒಂದು ಮಾತು ಹೇಳಿ."

"ದೇವರಿಗೆ ಹೇಳಿದೀನಿ. ಈಗ ಇಸ್ತ್ರಿಗೆ ಹೇಳ್ಬೇಕು. ಎಚ್ಚರವಾಗಿರು, ನಿದ್ದೆ ಮಾಡಿದ್ರೆ ನೋಡು!"

ಮುಚ್ಚಳವನ್ನು ಪೂರ್ತಿ ತೆಗೆಸಿ, ಮಾತಾಡಿಸುತ್ತಲೇ ಇರು ಎಂದು ಕಾವಲುಗಾರನನ್ನು ಅಲ್ಲೇ ಕೂರಿಸಿ, ಆಕೆ ಹೊರಟಳು. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ನೇತಾಡುತ್ತಿತ್ತು. ಹಿತ್ತಲಿಂದ ಮುಂಬಾಗಿಲಿಗೆ ಉದ್ದನೆಯ ಓಣಿ. ಎಕ್ಸ್‌ರೇ ಕೋಣೆಯ ಹತ್ತಿರ ಹೆದರಿ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಮತ್ತೆ ಮುಂದೆ ನಡೆದಳಂತೆ. ಇದನ್ನು ಆಕೆಯೇ ನನಗೆ ಹೇಳಿದಳು, ನಾಚಿಕೆಯಿಲ್ಲದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು.

ಮುಂಬಾಗಿಲಲ್ಲಿ ಆಡಳಿತಾಧಿಕಾರಿ, ವೈದ್ಯರು, ಸಾಲಾಗಿ ನರ್ಸುಗಳು. ಪರಿಶೀಲಕರ ಕಾರು ಆಗಷ್ಟೇ ನಿಂತಿತ್ತು. ಆಕೆ ಸಾಲನ್ನು ಸರಿಸಿಕೊಂಡು ಮುಂದೆ ಬಂದಳು.

"ಸಾರ್, ಪಂಪಿನವನು ಸಂಪಿನ ಕೆಸರಲ್ಲಿ ಬಿದ್ದು ಎರಡು ಗಂಟೆ ಆಯ್ತು. ಕಾಲು ಮುರಿದಿದೆ. ಇವರು ಹೋಗೋ ತನಕ ಎತ್ತಬೇಡಿ ಅಂತ ನೀವಂದ್ರಂತೆ. ಇದು ಕೆಟ್ಟ ಕೆಲಸ. ಅವನು ಸಾಯ್ತಾನೆ."

"ಆಮೇಲೆ ಮಾತಾಡೋಣಮ್ಮಾ, ಒಳಗೆ ನಡೀರಿ."

"ಆಮೇಲೆ ಮಾತಾಡೋಕೆ ಅವನಿರಲ್ಲ."

ಪರಿಶೀಲಕರಲ್ಲಿ ಹಿರಿಯ ಹೆಂಗಸೊಬ್ಬರು ಕಪ್ಪು ಕನ್ನಡಕ ತೆಗೆದರು. "ಯಾವ ಸಂಪು?"

"ಅದೇನಿಲ್ಲ ಮೇಡಂ, ಇವರಿಗೆ ಸ್ವಲ್ಪ..." ಇಸ್ತ್ರಿ ತಲೆಯ ಪಕ್ಕ ಬೆರಳು ತಿರುಗಿಸಿದ.

"ನನ್ನ ತಲೆ ಸರಿಯಾಗಿದೆ ಸಾರ್. ಸರಿಯಿಲ್ಲದ್ದು ಏಣಿ."

ಅವನ ಮುಖದಲ್ಲಿ ಅಂದು ಮೊದಲ ಸುಕ್ಕು ಕಂಡಿತು. "ಯಾರು ಬೇಕೋ ಅವರನ್ನ ಕರ್ಕೊಂಡು ಹೋಗಿ!" ಎಂದು ಹಲ್ಲು ಕಚ್ಚಿದ.

ಬಟ್ಟೆ ಒಗೆಯುವ ನಾಲ್ವರು ಗಂಡಸರು ಹಗ್ಗ ತಂದರು. ಒಬ್ಬ ಕುಣಿಕೆ ಮಾಡಿ ಇಳಿಬಿಡುವಷ್ಟರಲ್ಲಿ ಆಕೆ ಕೈ ಅಡ್ಡ ಹಿಡಿದಳು.

"ನಿಲ್ಲಿಸು. ಸೊಂಟದ ತನಕ ಹೂತವನನ್ನ ಬರೀ ಹಗ್ಗದಲ್ಲಿ ಎಳೆದ್ರೆ ತೋಳು ಕಿತ್ತು ಕೈಗೆ ಬರುತ್ತೆ. ಬಂದೆ."

"ಅಯ್ಯೋ, ಜೀವ ಹೋಗ್ತಿದೆ, ಈಗೆಲ್ಲಿಗಮ್ಮಾ!"

ಆಕೆ ಆಗಲೇ ಓಡುತ್ತಿದ್ದಳು. ಐವತ್ತೆಂಟರ ಹೆಂಗಸು ಓಡಿದ್ದನ್ನು ಆಸ್ಪತ್ರೆಯಲ್ಲಿ ಯಾರೂ ನೋಡಿರಲಿಲ್ಲ. ಮೂಲೆಯ ಗುಡ್ಡೆಯಿಂದ ಮೆತ್ತಗೆ ಸವೆದ ಹನ್ನೊಂದು ಬೆಡ್‌ಶೀಟು ಬಾಚಿಕೊಂಡು ಬಂದು, ಸುತ್ತಿ, ಒಂದೊಂದಾಗಿ ಇಳಿಸಿದಳು.

"ಎರಡೂ ಕಂಕುಳಿಗೆ ಇಟ್ಕೊ. ಉಳಿದದ್ದು ಎದೆಗೆ ಸುತ್ಕೊ. ಅದರ ಮೇಲೆ ಹಗ್ಗ. ಗಂಟು ಮುಂದಕ್ಕೆ ಬರ್ಲಿ, ಬೆನ್ನಿಗೆ ಬೇಡ."

ಕೆಳಗಿಂದ ನರಳುತ್ತಲೇ ಉತ್ತರ ಬಂತು. "ಹಾಸಿ ಹೊದಿಸಿ ಇಲ್ಲೇ ಮಲಗಿಸ್ಬಿಡ್ತೀರಾ ಅಕ್ಕಾ?"

"ಬಾಯಿ ಮುಚ್ಚಿ ಕಟ್ಕೊಳ್ಳೋ!"

ಎಳೆದರು. ಕೆಸರು ಬಿಡಲೊಲ್ಲದು. ಮೂರನೇ ಸಲ ಎಳೆದಾಗ ಅವನು ಕಿರುಚುತ್ತಾ ಮೇಲೆ ಬಂದ. ಹಗ್ಗ ಎರಡು ಮಡಿಕೆ ಬಟ್ಟೆಯನ್ನು ಕತ್ತರಿಸಿ ಮೂರನೆಯದರಲ್ಲಿ ನಿಂತಿತ್ತು. ಕಾಲು ಎರಡು ಕಡೆ ಮುರಿದಿತ್ತು, ತೋಳುಗಳಿಗೆ ಏನೂ ಆಗಿರಲಿಲ್ಲ.

ಒಗೆಯುವವನು ಅಭ್ಯಾಸಬಲದಿಂದ ಆ ಬಟ್ಟೆಗಳನ್ನು ಯಂತ್ರಕ್ಕೆ ಒಯ್ಯಲು ಬಗ್ಗಿದ. "ಮುಟ್ಟಬೇಡ," ಎಂದಳು ಆಕೆ. ಹನ್ನೊಂದನ್ನೂ ಹಾಸಿಗೆಯ ಮೇಲೆ ಹಾಸುವ ರಬ್ಬರ್ ಹಾಳೆಯಲ್ಲಿ ಸುತ್ತಿ, ಬಿಗಿಯಾಗಿ ಕಟ್ಟಿ, ಕೋಣೆಯಲ್ಲಿ ಬೀಗ ಹಾಕಿಟ್ಟಳು. ಮೂವತ್ತೊಂದು ವರ್ಷದಲ್ಲಿ ಆಕೆ ಕೊಳೆ ಬಟ್ಟೆಯನ್ನು ಒಗೆಸದೆ ಒಳಗಿಟ್ಟದ್ದು ಅದೊಂದೇ ಸಲ.

ಪರಿಶೀಲಕರು ಮೇಲಕ್ಕೆ ಬರೆದದ್ದರಿಂದ ಹನ್ನೆರಡು ದಿನದ ನಂತರ ವಿಚಾರಣೆ. ಅದರೊಳಗೆ ಏಣಿಯ ತುಂಡುಗಳು ಮಾಯವಾಗಿದ್ದವು, ಸಂಪನ್ನು ತರಾತುರಿಯಲ್ಲಿ ತೊಳೆದು ಮತ್ತೆ ನೀರು ತುಂಬಿಸಿದ್ದರು. ಕಾಗದವೊಂದು ಸಿದ್ಧವಾಗಿತ್ತು: ಏಣಿ ಗಟ್ಟಿಯಾಗಿತ್ತು, ಪಂಪಿನವನು ಯಾರನ್ನೂ ಕೇಳದೆ ಇಳಿದ, ಸಂಪು ಶುದ್ಧವಾಗಿತ್ತು. ಕಾವಲುಗಾರ ಸಹಿ ಹಾಕಿದ್ದ. ಒಗೆಯುವವರೂ ಹಾಕಿದ್ದರು. ಆಕೆಯ ಸಹಿಯೂ ಬಿದ್ದರೆ ಪಂಪಿನವನ ಕೆಲಸ ಹೋಗುತ್ತಿತ್ತು, ಮಕ್ಕಳ ವಾರ್ಡು ಅದೇ ನೀರು ಕುಡಿಯುತ್ತಿತ್ತು.

ಆ ಬೆಳಿಗ್ಗೆ ಗಂಡ, ಬಸ್ಸು ಓಡಿಸಿ ನಿವೃತ್ತನಾದವನು, ಬಾಗಿಲಿಗೆ ಅಡ್ಡ ನಿಂತ.

"ಹದಿನಾಲ್ಕು ತಿಂಗಳು ಬಾಯಿ ಮುಚ್ಕೊಂಡಿರೋಕೆ ಆಗಲ್ವೇನೇ ನಿನಗೆ?"

"ಕೊನೇ ಸ್ಟಾಪ್ ಹತ್ರ ಬಂತು ಅಂತ ನೀವು ಬ್ರೇಕಿಂದ ಕಾಲು ತೆಗೆದುಬಿಡ್ತಿದ್ರಾ?"

ಗಂಡ ಪಕ್ಕಕ್ಕೆ ಸರಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಬಟ್ಟೆ ಕೋಣೆಯಲ್ಲಿದ್ದ ಆ ಗಂಟು ಹೊರಲು ತಾನೂ ಹೊರಟ.

ವಿಚಾರಣೆಯ ಕೋಣೆಯಲ್ಲಿ ಹೊರಗಿನಿಂದ ಬಂದ ಮೂವರು, ಪಕ್ಕದಲ್ಲಿ ಇಸ್ತ್ರಿ. ಮೊದಲ ಆರೋಪ ಬಟ್ಟೆಯದು. ಸಮಿತಿಯ ಅನುಮತಿಯಿಲ್ಲದೆ ಹನ್ನೊಂದು ಬೆಡ್‌ಶೀಟು ಹಾಳು ಮಾಡಿದ್ದೀರಿ.

"ಸಮಿತಿ ಬಂದಿಲ್ಲ, ಹಾಗಾಗಿ ಅವು ಒಳ್ಳೇ ಬೆಡ್‌ಶೀಟೇ. ರೋಗಿಗೆ ಬಳಸಿದೀನಿ. ಬೇರೆ ಯಾತಕ್ಕೆ ಇಟ್ಕೊಂಡಿರ್ತೀವಿ?"

"ಇರಲಿ. ಇಲ್ಲಿ ಸಹಿ ಹಾಕಿ."

ಆಕೆ ಪೂರ್ತಿ ಓದಿದಳು, ನಿಧಾನವಾಗಿ. ಓದಿ, ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು.

ಹನ್ನೆರಡು ದಿನ ರಬ್ಬರಿನೊಳಗೆ ಕೊಳೆತದ್ದು ಕೋಣೆ ತುಂಬಾ ಎದ್ದಿತು. ಒಬ್ಬರು ಕಿಟಕಿಗೆ ಓಡಿದರು. ಒಬ್ಬರು ಕರವಸ್ತ್ರದೊಳಗೆ ಮುಖ ಹುದುಗಿಸಿದರು. ಇಸ್ತ್ರಿಯ ಅಂಗಿಯ ತೋಳಿಗೆ ಒಂದು ಹನಿ ಸಿಡಿಯಿತು.

"ಇದು ಕುಡಿಯೋ ನೀರಿನ ಸಂಪಿನ ಕೆಸರು," ಎಂದಳು ಆಕೆ. "ಮೂಸಿ ನೋಡಿ. ಮಣ್ಣಿನ ವಾಸನೆ ಬಂತು ಅಂತ ನೀವು ಮೂವರೂ ಬರೀರಿ. ಅದರ ಕೆಳಗೆ ನಾನು ಸಹಿ ಹಾಕ್ತೀನಿ."

"ಮುಚ್ಚಮ್ಮಾ ಮೊದಲು!"

"ಬರೆದ ಮೇಲೆ ಮುಚ್ತೀನಿ."

ಆ ಕಾಗದದ ಮೇಲೆ ಯಾರೂ ಏನೂ ಬರೆಯಲಿಲ್ಲ. ಒಂದು ಬೆಡ್‌ಶೀಟಿನ ತುಂಡನ್ನು ಪರೀಕ್ಷೆಗೆ ಕಳಿಸಿದರು, ಸಂಜೆಗೆ ಸಂಪಿಗೆ ಬೀಗ ಬಿತ್ತು, ಟ್ಯಾಂಕರ್ ನೀರು ಬಂತು. ವಾರದೊಳಗೆ ನೆಲ ಅಗೆದು ಒಡೆದ ಕೊಳವೆಯನ್ನು ಹೊರತೆಗೆದರು. ಪಂಪಿನವನ ಕೆಲಸ ಉಳಿಯಿತು. ನ್ಯಾಯ ಪೂರ್ತಿ ಆಯಿತೆಂದು ಯಾರೂ ತಿಳಿಯಬೇಕಾಗಿಲ್ಲ: ಇಸ್ತ್ರಿ ಬೇರೆ ಆಸ್ಪತ್ರೆಗೆ, ಇದಕ್ಕಿಂತ ದೊಡ್ಡ ಕುರ್ಚಿಗೆ ಹೋದ. ಆಕೆಗೆ, ವಿಚಾರಣೆಯ ಘನತೆಗೆ ಕುಂದು ತಂದಿದ್ದಕ್ಕಾಗಿ, ಒಂದು ಎಚ್ಚರಿಕೆಯ ಪತ್ರ ಬಂತು. ಅದನ್ನು ಆಕೆ ಎಬೆದ್ಮೆಲೆಕನ ಪುಟದಲ್ಲಿ ಗುರುತಿಗೆ ಇಟ್ಟಿದ್ದಾಳೆ.

ಹೆದರಿಕೆ ಆಗಲಿಲ್ಲವೇ ಎಂದು ಕೂಟದಲ್ಲಿ ಯಾರೋ ಕೇಳಿದರು. "ಆಗದೆ? ಮುಂಬಾಗಿಲ ತನಕ ಆಯ್ತು, ಮುಂಬಾಗಿಲಲ್ಲೂ ಆಯ್ತು, ಈಗ್ಲೂ ಆಗುತ್ತೆ," ಎಂದಳು. "ಎಬೆದ್ಮೆಲೆಕನಿಗೂ ಆಗಿತ್ತಲ್ಲ. ದೇವರು ಅವನನ್ನ ಅದಕ್ಕೆ ಬೈದ ಅಂತ ಎಲ್ಲೂ ಬರೆದಿಲ್ಲ."

ಮೂರು ತಿಂಗಳ ಮೇಲೆ ಪಂಪಿನವನು ಕೋಲೂರಿಕೊಂಡು ಬಟ್ಟೆ ಕೋಣೆಯ ಬಾಗಿಲಿಗೆ ಬಂದ. ಒಳಗೆ ಬಂದು ಬುತ್ತಿ ಬಿಚ್ಚಲಿಲ್ಲ.

"ಅಕ್ಕಾ, ಸಂಪಿಗೆ ಹೊಸ ಏಣಿ ಹಾಕಿದ್ದಾರೆ."

"ನೋಡಿದ್ಯಾ?"

"ಕೋಲಲ್ಲಿ ತಟ್ಟಿ ನೋಡ್ದೆ. ಎರಡನೇ ಮೆಟ್ಟಿಲು ಅಲ್ಲಾಡುತ್ತೆ."

ಆಕೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಹೊಸ ಸಾಹೇಬರು ಎಲ್ಲಿದ್ದಾರೆ?"

"ಮುಂಬಾಗಿಲಲ್ಲಿ. ಯಾರೋ ದೊಡ್ಡವರು ಬರ್ತಿದ್ದಾರಂತೆ."

"ಒಳ್ಳೇದಾಯ್ತು," ಎಂದು ಆಕೆ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಎದ್ದಳು. "ನಡಿ."