ಬಿದಿರಿನ ಕಂಬದೊಳಗೆ ಅಕ್ಕ

ನಾನು ಹಾಡಿದರೆ ಮನೆಯ ಎಮ್ಮೆ ಕಿವಿ ಮಡಿಚುತ್ತಿತ್ತು. ಈ ವಿಷಯ ಕಂಪ್ಲಿಯಲ್ಲಿ ನಮ್ಮ ಶಾಲೆಗೆಲ್ಲ ಗೊತ್ತಿತ್ತು. ಆದರೂ ಬಳ್ಳಾರಿಯಿಂದ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆಂದು ಮಕ್ಕಳ ಸಂಗೀತ ನಾಟಕ ಕಟ್ಟಿದಾಗ ನಾಯಕನ ಪಾತ್ರ ನನಗೇ ಬಂತು. ಪರದೆಯ ಬಟ್ಟೆ ಕೊಡಿಸಿದವನು, ಬಂದವರ ಊಟಕ್ಕೆ ತನ್ನ ಗಿರಣಿಯಿಂದ ಅಕ್ಕಿ ಕಳಿಸಿದವನು ನಮ್ಮ ತಾತ. ಅಂಥವನ ಮೊಮ್ಮಗನಿಗೆ ದ್ವಾರಪಾಲಕನ ವೇಷ ಹಾಕಿಸುವ ಧೈರ್ಯ ಯಾವ ಮೇಷ್ಟರಿಗಿತ್ತು?

ನಾಟಕ ಹಂಪಿಯ ಒಬ್ಬ ಶಿಲ್ಪಿಯ ಮಗನದು. ಕಂಬ ಕೆತ್ತುತ್ತ ಮೇಲಿಂದ ಬಿದ್ದು ಸಾಯುತ್ತಾನೆ. ಅವನಿಗಿರುವುದು ಒಂದೇ ಹಾಡು, ಅದೂ ಬಿದ್ದ ಮೇಲೆ ಎಂದರು ಮೇಷ್ಟರು. ಕುತ್ತಿಗೆ ಮುರಿದವನು ಎಷ್ಟು ಹಾಡಿಯಾನು ಎಂದು ಸಮಾಧಾನಪಟ್ಟುಕೊಂಡೆ. ನಮ್ಮ ನಾಟಕಗಳ ಪದ್ಧತಿ ನನಗೆ ಗೊತ್ತಿರಲಿಲ್ಲ. ಬದುಕಿರುವವನು ಒಂದು ನುಡಿ ಹಾಡಿದರೆ ಸಾಯುವವನು ಮೂರು ನುಡಿ ಹಾಡಲೇಬೇಕಂತೆ.

ಹಾರ್ಮೋನಿಯಂ ಮಾಸ್ತರರು ಸಂಡೂರಿನವರು, ನಾಟಕ ಕಂಪನಿ ಮುಳುಗಿದ ಮೇಲೆ ನಮ್ಮೂರಿಗೆ ಬಂದವರು. ನನ್ನ ಮೊದಲ ನುಡಿಗೇ ಪೆಟ್ಟಿಗೆ ನಿಲ್ಲಿಸಿದರು. "ಸಾಕೋ ಯಪ್ಪಾ! ಇವ ಹಿಂಗ ಹಾಡಿದ್ರ, ಸತ್ತಿದ್ದ ಚಲೋ ಆತು ಅಂತಾರ ಮಂದಿ."

ಈ ಗೋಳನ್ನು ಅವರು ನಮ್ಮ ಮನೆಗೆ ಬಂದು ಅವ್ವನ ಮುಂದೆ ಹೇಳಿಕೊಳ್ಳುತ್ತಿದ್ದಾಗ, ಒಳಗೆ ಅಕ್ಕಿ ಹಸನು ಮಾಡುತ್ತಿದ್ದ ಅಕ್ಕನ ಹಾಡು ಅವರ ಕಿವಿಗೆ ಬಿತ್ತು. ಅಕ್ಕನಿಗೆ ಹದಿಮೂರು. ಹೆಣ್ಣುಮಕ್ಕಳು ಹಾಡಿದರೆ ಮನೆತನದ ಮರ್ಯಾದೆ ಹೋಯಿತೆಂದು ತಿಳಿದವನು ತಾತ. ಅದಕ್ಕೇ ಅವನು ಗಿರಣಿಗೆ ಹೋದ ಮೇಲಷ್ಟೇ ಅವಳ ಹಾಡು. ಮಾಸ್ತರರು ಅಲ್ಲೇ ಉಪಾಯ ಹೂಡಿದರು. ರಂಗದ ಮೇಲಿನ ಕಂಬ ಬಿದಿರು ಕಟ್ಟಿ ಬಟ್ಟೆ ಸುತ್ತಿದ್ದು, ಒಳಗೆ ಟೊಳ್ಳು. ಅಕ್ಕ ಅದರೊಳಗೆ ಅಡಗಿ ಕೂತು ಹಾಡಬೇಕು, ನಾನು ಅದರ ಬುಡದಲ್ಲಿ ಬಿದ್ದು ತುಟಿ ಆಡಿಸಬೇಕು.

"ಹಾಡ್ತೀನ್ರಿ. ಆಮ್ಯಾಲೆ ನನಗ ಸಂಗೀತ ಕಲಸಬೇಕು" ಎಂದಳು ಅಕ್ಕ.

"ನಿಮ್ಮ ತಾತನ್ನ ಯಾರು ಒಪ್ಪಸ್ತಾರವ್ವಾ?" ಎಂದರು ಮಾಸ್ತರರು. ಅವ್ವ ತನ್ನ ಮಾವನ ಮುಂದೆ ಬಾಯಿ ತೆರೆದವಳೇ ಅಲ್ಲ.

ಅಕ್ಕ ನನ್ನ ಕಡೆ ತಿರುಗಿದಳು. "ಇವ ಒಪ್ಪಸ್ತಾನ. ನಾಟಕ ಮುಗದಾಗ ತಾತ ಖುಷಿಯಾಗಿರ್ತಾನಲ್ಲ, ಆಗ ಹಾಡಿದಾಕಿ ಅಕ್ಕ ಅಂತ ಹೇಳಬೇಕು ನೋಡಲೇ. ನಿನ್ನ ಮಾತು ತಾತ ತಗದುಹಾಕಂಗಿಲ್ಲ."

ದೇವರಾಣೆ ಹೇಳುತ್ತೇನೆ ಎಂದೆ.

ನಾಟಕದ ದಿನ ಮಧ್ಯಾಹ್ನ ಅವ್ವ ಅಕ್ಕನನ್ನು ಹಿಂಬಾಗಿಲಿನಿಂದ ತಂದು ಕಂಬದೊಳಗೆ ಸೇರಿಸಿದಳು. ಬಿದಿರು ಭಾರ ತಾಳದೆಂದು ನಾನು ಕಂಬದ ಪಕ್ಕದ ಸ್ಟೂಲಿನಿಂದ ಬಿದ್ದೆ. ಅಕ್ಕ ಹಾಡು ಎತ್ತಿಕೊಂಡಳು. ಹೆಂಗಸರು ಸೆರಗು ಕಣ್ಣಿಗೊತ್ತಿದರು. ನಾನು ಸತ್ತೆ. "ಒನ್ಸ್ ಮೋರ್!" ಎಂದು ಜನ ಕೂಗಿದರು. ಎದ್ದು ಸ್ಟೂಲು ಹತ್ತಿ, ಮತ್ತೆ ಬಿದ್ದು, ಮತ್ತೆ ಸತ್ತೆ. ಮೂರನೆಯ ಸಲ ಸ್ವತಃ ಇನ್‌ಸ್ಪೆಕ್ಟರ್ ಸಾಹೇಬರೇ ಕೇಳಿದರು. ಸರ್ಕಾರದ ಅಪ್ಪಣೆ ಮೀರುವುದುಂಟೆ? ಇನ್ನೊಮ್ಮೆ ಪ್ರಾಣ ಬಿಟ್ಟೆ. ಆ ಸೆಕೆಯಲ್ಲಿ ಬಟ್ಟೆಯೊಳಗೆ ಕೂತ ಅಕ್ಕನ ದನಿ ಸಲಸಲಕ್ಕೂ ಚೆಂದವಾಗುತ್ತ ಹೋಯಿತು.

ತಾತ ರಂಗ ಹತ್ತಿ ಬಂದು ನನ್ನನ್ನು ಅಪ್ಪಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. "ಏನ್ ಕಂಠಲೇ ನಿಂದು! ನಮ್ಮ ವಂಶದಾಗ ಹಿಂಗ ಹಾಡಿದವ ಒಬ್ಬನೂ ಹುಟ್ಟಿಲ್ಲ!" ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಹೇಳುವ ಹೊತ್ತು ಅದೇ. ಬಟ್ಟೆಯ ಸಂದಿಯಲ್ಲಿ ಅಕ್ಕನ ಕಣ್ಣು ಕಾಣುತ್ತಿತ್ತು. ಅಷ್ಟರಲ್ಲಿ ಸಾಹೇಬರು ಬೆನ್ನು ತಟ್ಟಿದರು. ಹೊಗಳಿಕೆ ನನಗೆ ಬಹಳ ರುಚಿಸಿತು. ನಾಳೆ ಹೇಳಿದರಾಯಿತು ಎಂದುಕೊಂಡೆ.

ಮರುದಿನ ತಾತ ಮಾಸ್ತರರನ್ನು ಕರೆಸಿ ಸಂಗೀತದ ಪಾಠ ಗೊತ್ತುಮಾಡಿದ, ನನಗೆ. ಮನೆಯ ಹುಡುಗಿಯನ್ನು ರಂಗ ಹತ್ತಿಸಿದ್ದು ತಿಳಿದರೆ ಊರು ಬಿಡಬೇಕಾದೀತೆಂದು ಮಾಸ್ತರರು ತುಟಿ ಬಿಚ್ಚಲಿಲ್ಲ. ಪಾಠಕ್ಕೆ ಕೂತು ನಾನು ಹಾಡಲು ಬಾಯಿ ತೆರೆದೆ, ತಾತ ಗಾಬರಿಯಾದ. ಮಂದಿಯ ದೃಷ್ಟಿ ತಾಗಿ ಹುಡುಗನ ಕಂಠ ಕೆಟ್ಟಿತೆಂದು ತೀರ್ಮಾನವಾಯಿತು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೇಲೆ ದಿನಾ ಬೆಳಿಗ್ಗೆ ಶುಂಠಿ ಮೆಣಸಿನ ಕಷಾಯ. ಅದನ್ನು ಕುದಿಸಿ ತರುವ ಕೆಲಸ ಅಕ್ಕನ ಪಾಲಿಗೆ ಬಂತು.

"ಇವತ್ತರ ಹೇಳ್ತೀಯೇನಲೇ?" ಎಂದು ಲೋಟ ಕೊಡುತ್ತ ಮೆಲ್ಲಗೆ ಕೇಳುತ್ತಿದ್ದಳು.

"ನಾಳೆ" ಎನ್ನುತ್ತಿದ್ದೆ. ತಾತನ ಕಣ್ಣಿನಲ್ಲಿ ಸಣ್ಣವನಾಗುವುದಕ್ಕಿಂತ ಆ ಖಾರ ನುಂಗುವುದೇ ಸುಲಭವೆನಿಸುತ್ತಿತ್ತು. ಹೇಡಿ ನಾನು, ಅದಕ್ಕೆ ಬೇರೆ ಹೆಸರಿಲ್ಲ. ಕೆಲವು ದಿನಗಳ ಮೇಲೆ ಅಕ್ಕ ಕೇಳುವುದನ್ನೇ ಬಿಟ್ಟಳು.

ಒಂದು ಬೆಳಿಗ್ಗೆ ತಾತನ ಎದುರಿಗೇ ಪಾಠ ನಡೆದಿತ್ತು. ನಾನು ಎಡವಿದ ಸ್ವರವನ್ನು ಅಡಿಗೆಮನೆಯಲ್ಲಿದ್ದ ಅಕ್ಕ, ತನಗೇ ಅರಿವಿಲ್ಲದೆ, ಸರಿಯಾಗಿ ಗುನುಗಿದಳು. ಮಾಸ್ತರರ ಬೆರಳು ನಿಂತುಬಿಟ್ಟಿತು. ತಾತನೂ ತಲೆಯೆತ್ತಿದ. ಸದ್ಯ, ತಾನಾಗಿಯೇ ಗೊತ್ತಾಯಿತಲ್ಲ, ಬದುಕಿದೆ ಎಂದುಕೊಂಡೆ.

"ಏ ಹುಡುಗೀ, ಬಾಯಿ ಮುಚ್ಚು!" ಎಂದು ತಾತ ಗದರಿದ. "ಹುಡುಗ ಹಾಡಾಕತ್ಯಾನ, ಗೊತ್ತಾಗಂಗಿಲ್ಲೇನು?"

ಒಳಗಿನ ದನಿ ನಿಂತಿತು. "ನೀ ಹಾಡಪ್ಪಾ" ಎಂದ ತಾತ. ಆಗಲೂ ಹೇಳಬಹುದಿತ್ತು. ನಾನು ಹಾಡಿದೆ.

ಅಕ್ಕ ಮುಂದೆ ನಾಲ್ಕು ಮಕ್ಕಳನ್ನು ಹೆತ್ತಳು. ಒಂದಕ್ಕೂ ಜೋಗುಳ ಹಾಡಲಿಲ್ಲ. ಸುಮ್ಮನೆ ತೊಟ್ಟಿಲು ತೂಗಿದಳು.